ಪಟ್ಟಿ ಕಪಾಟಿನಲ್ಲಿರಲಿ

(ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಸಮೀಪದ ಗ್ರಂಥಾಲಯವೊಂದರಲ್ಲಿ, ಶಾಲೆ ತೆರೆದ ಎರಡನೆಯ ವಾರ, ರಕ್ಷಕರು, ಅಧ್ಯಾಪಕರು ಮತ್ತು ಯುವಕ ಸಂಘದ ಸದಸ್ಯರ ಮುಂದೆ ಆಡಿದ ಮಾತು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ. ನಡುವೆ ಬಂದ ಪ್ರಶ್ನೆಗಳನ್ನು ಬಿಟ್ಟಿಲ್ಲ.)

ಎಲ್ಲರಿಗೂ ನಮಸ್ಕಾರ.

ಈ ಕಾರ್ಯಕ್ರಮದ ಆಮಂತ್ರಣ ಪತ್ರಿಕೆಯ ಕರಡನ್ನು ಸಂಘದ ಹುಡುಗರು ನನಗೆ ಮೊಬೈಲಿನಲ್ಲಿ ಕಳುಹಿಸಿದ್ದರು. ನನ್ನ ಉಪನ್ಯಾಸಕ್ಕೆ ಮೊದಲು ‘ಬಡ ವಿದ್ಯಾರ್ಥಿಗಳಿಗೆ ಉಚಿತ ಪುಸ್ತಕ ಮತ್ತು ಕೊಡೆ ವಿತರಣೆ’ ಎಂದಿತ್ತು. ನಾನು ಫೋನ್ ಮಾಡಿ, ‘ಬಡ’ ಎಂಬ ಎರಡು ಅಕ್ಷರ ತೆಗೆಯಬಹುದೇ ಎಂದು ಕೇಳಿದೆ. ತೆಗೆದರು. ಆದರೆ ಅರ್ಧ ಗಂಟೆಗೆ ಮುಂಚೆ ಇದೇ ವೇದಿಕೆಯ ಮೇಲೆ ಹದಿನಾಲ್ಕು ಮಕ್ಕಳು ಸಾಲಾಗಿ ನಿಂತರು. ಒಬ್ಬೊಬ್ಬರ ಹೆಸರನ್ನೂ ಮೈಕಿನಲ್ಲಿ ಕೂಗಲಾಯಿತು. ಒಬ್ಬೊಬ್ಬರೂ ಕೊಡೆ ಹಿಡಿದು ಕ್ಯಾಮೆರಾದ ಕಡೆ ನೋಡಿದರು. ಎತ್ತರದ ಒಬ್ಬ ಹುಡುಗ ಕೊಡೆಯನ್ನು ಬಿಡಿಸಿ ಮುಖಕ್ಕೆ ಅಡ್ಡ ಹಿಡಿದ. ಫೋಟೋ ತೆಗೆಯುವವರು, ‘ಸ್ವಲ್ಪ ಕೆಳಗೆ ಇಳಿಸು ಮಾರಾಯ, ಇಲ್ಲಿ ಮಳೆ ಇಲ್ಲ’ ಎಂದರು. ಎಲ್ಲರೂ ನಕ್ಕೆವು, ನಾನೂ ನಕ್ಕೆ. ಬರೆದು ತಂದ ಟಿಪ್ಪಣಿಯನ್ನು ಪಕ್ಕಕ್ಕಿಟ್ಟಿದ್ದೇನೆ. ಇವತ್ತು ಆ ಕೊಡೆಯ ಬಗ್ಗೆ ಮಾತಾಡುತ್ತೇನೆ.

ಸಂಘದವರು ಬೇಸರ ಮಾಡಿಕೊಳ್ಳಬೇಡಿ. ಕೊಡೆ ಒಳ್ಳೆಯದಿದೆ, ಕೊಟ್ಟ ಮನಸ್ಸೂ ಒಳ್ಳೆಯದು. ಅಲ್ಲದೆ ಹೆಸರು ಕೂಗಿ ಕೊಡುವುದನ್ನು ನಿಮಗೆ ಕಲಿಸಿದವರು ನಮ್ಮಂಥ ಅಧ್ಯಾಪಕರೇ. ಮೂವತ್ತಮೂರು ವರ್ಷ ನಾನು ಈ ಜಿಲ್ಲೆಯ ಕನ್ನಡ ಮಾಧ್ಯಮ ಶಾಲೆಗಳಲ್ಲಿ ಟೀಚರ್ ಆಗಿದ್ದೆ. ಅದರಲ್ಲಿ ಮೊದಲ ಹತ್ತು ವರ್ಷ ಮಾಡಿದ್ದು ಇದನ್ನೇ.

ಅದಕ್ಕೂ ಹಿಂದಿನ ಒಂದು ಮಾತು ಹೇಳುತ್ತೇನೆ. ನಾನು ಪ್ರಾಥಮಿಕ ಶಾಲೆಯಲ್ಲಿದ್ದದ್ದು 1970ರ ಆಸುಪಾಸಿನಲ್ಲಿ. ಆಗ ಮಧ್ಯಾಹ್ನ ಉಪ್ಪಿಟ್ಟು ಇತ್ತು. ‘ಕೇರ್’ ಎಂಬ ಸಂಸ್ಥೆಯ ಮೂಲಕ ಅಮೆರಿಕದಿಂದ ಬರುತ್ತಿದ್ದ ಗೋಧಿ ನುಚ್ಚಿನದು. ಎಲ್ಲರಿಗೂ ಸಾಲುತ್ತಿರಲಿಲ್ಲ, ಇಲ್ಲದವರಿಗೆ ಮೊದಲು ಎಂಬ ಲೆಕ್ಕ. ನಮ್ಮ ಶಾಲೆಯಲ್ಲಿ ತಟ್ಟೆ ಇರಲಿಲ್ಲ. ಬರುವ ದಾರಿಯಲ್ಲೇ ಉಪ್ಪಳಿಗೆ ಎಲೆ ಕೊಯ್ದು ತರಬೇಕು. ಆದ್ದರಿಂದ ಬೆಳಗ್ಗೆ ಹತ್ತು ಗಂಟೆಗೇ ಗೊತ್ತಾಗುತ್ತಿತ್ತು: ಪುಸ್ತಕದ ಜೊತೆ ಎಲೆ ಇದ್ದವರು ಉಪ್ಪಿಟ್ಟಿನವರು, ಇಲ್ಲದವರು ಬುತ್ತಿಯವರು, ಇಲ್ಲವೇ ನನ್ನ ಹಾಗೆ ಹತ್ತಿರದ ಮನೆಗೆ ಓಡಿ ಉಂಡು ಬರುವವರು. ಆ ಉಪ್ಪಿಟ್ಟಿನ ಪರಿಮಳ ಈಗಲೂ ಮೂಗಿನಲ್ಲಿದೆ. ಒಂದು ದಿನ ನಾನೂ ಎಲೆ ಕೊಯ್ದುಕೊಂಡು ಹೋಗಿ ಸಾಲಿನಲ್ಲಿ ನಿಂತೆ. ಸಂಜೆಯೊಳಗೆ ಅಮ್ಮನಿಗೆ ಸುದ್ದಿ ಮುಟ್ಟಿತು. ‘ನಮಗೇನು ಗತಿಯಿಲ್ಲ ಎಂದು ಊರಿಗೆ ಸಾರುತ್ತೀಯಾ?’ ಎಂದು ಬೆತ್ತ ಹಿಡಿದರು. ಎಲೆ ಹಿಡಿದ ಮಕ್ಕಳ ಮನೆಗಳಿಗೆ ಊರಿನಲ್ಲಿ ಒಂದು ಹೆಸರಿದೆ ಎಂಬುದು ಏಳು ವರ್ಷದ ನನಗೆ ತಿಳಿದದ್ದು ಅಂದು, ಎಲೆ ಹಿಡಿಯಬೇಕಾಗಿಲ್ಲದ ಮನೆಯಲ್ಲಿ ಪೆಟ್ಟು ತಿನ್ನುತ್ತಾ. ದಿನವೂ ಎಲೆ ತರುತ್ತಿದ್ದವರಿಗೆ ಅದನ್ನು ಕಲಿಯಲು ಪೆಟ್ಟು ಬೇಕಾಗಿರಲಿಲ್ಲ.

ಇಷ್ಟು ಗೊತ್ತಿದ್ದೂ, ಟೀಚರ್ ಆದ ಮೇಲೆ ನಾನೇನು ಮಾಡಿದೆ? ಜೂನ್ ತಿಂಗಳು ಬಂತೆಂದರೆ ಹಾಜರಿ ಪುಸ್ತಕದ ಜೊತೆ ಇನ್ನೊಂದು ಪಟ್ಟಿ. ಪರಿಶಿಷ್ಟ ಜಾತಿ, ವರ್ಗದ ಮಕ್ಕಳಿಗೆ ಸರಕಾರ ಕೊಡುವ ಗ್ರಾಂಟ್ ಸಿಗುವವರು, ಸ್ಕಾಲರ್‌ಶಿಪ್‌ಗೆ ಅರ್ಜಿ ಹಾಕಬೇಕಾದವರು, ರಕ್ಷಕ ಶಿಕ್ಷಕ ಸಂಘದ ಲೆಕ್ಕದಲ್ಲಿ ನೋಟು ಪುಸ್ತಕ ಸಿಗುವವರು. ‘ಹೆಸರು ಕರೆದವರು ಎದ್ದು ನಿಲ್ಲಿ’ ಎನ್ನುತ್ತಿದ್ದೆ. ನಿಲ್ಲಿಸಿ ಎಣಿಸಿದರೆ ತಪ್ಪು ಬರುವುದಿಲ್ಲ, ಅಷ್ಟೇ ಕಾರಣ. ಒಂದು ವರ್ಷ ಐದನೆಯ ತರಗತಿಯಲ್ಲಿ ಒಬ್ಬಳು ಹುಡುಗಿ, ತಾಯಿ ಬೀಡಿ ಕಟ್ಟುವವರು, ಹೆಸರು ಕರೆದರೂ ಏಳಲಿಲ್ಲ. ಎರಡನೆಯ ಸಲ ಕರೆದೆ. ಕುಳಿತಲ್ಲಿಂದಲೇ, ‘ನನಗೆ ಬೇಡ ಟೀಚರ್, ನಮ್ಮಲ್ಲಿ ಉಂಟು’ ಎಂದಳು. ಸರಿ, ಉಂಟಲ್ಲ ಎಂದು ಆ ಕಟ್ಟನ್ನು ಬೇರೆಯವರಿಗೆ ಕೊಟ್ಟೆ. ಹತ್ತು ದಿನ ಕಳೆದು ಅವಳ ತಾಯಿ ಬಂದರು. ‘ಎಲ್ಲರಿಗೂ ಪುಸ್ತಕ ಸಿಕ್ಕಿತಂತೆ, ನನ್ನ ಮಗಳಿಗೆ ಮಾತ್ರ ಟೀಚರ್ ಕೊಡಲಿಲ್ಲವಂತೆ’ ಎಂದು ಮೆಲ್ಲನೆ ಕೇಳಿದರು. ಹತ್ತು ವರ್ಷದ ಮಗು ಶಾಲೆಗೆ ಒಂದು ಸುಳ್ಳು, ಮನೆಗೆ ಒಂದು ಸುಳ್ಳು ಹೊಂದಿಸಿಕೊಂಡು, ಹಳೆಯ ಪುಸ್ತಕಗಳಲ್ಲಿ ಉಳಿದ ಖಾಲಿ ಹಾಳೆಗಳನ್ನು ಹೊಲಿದು ಬರೆಯುತ್ತಿತ್ತು. ಆ ಹಾಳೆಗಳನ್ನು ನಾನು ದಿನವೂ ತಿದ್ದುತ್ತಿದ್ದೆ. ಬೇರೆ ಬೇರೆ ಬಣ್ಣದ ಗೆರೆಗಳು ಕಣ್ಣಿಗೆ ಬೀಳಲಿಲ್ಲ.

ಇದಕ್ಕೆ ಇಂಗ್ಲಿಷಿನಲ್ಲಿ ‘ಸ್ಟಿಗ್ಮಾ’ ಎನ್ನುತ್ತಾರೆ. ಮೂಲದಲ್ಲಿ ಗ್ರೀಕ್ ಪದ, ಗುಲಾಮರ ಮತ್ತು ಅಪರಾಧಿಗಳ ಮೈಮೇಲೆ ಚುಚ್ಚುತ್ತಿದ್ದ, ಸುಡುತ್ತಿದ್ದ ಗುರುತು. ಕನ್ನಡದಲ್ಲಿ ‘ಕಳಂಕ’ ಎಂದು ಬರೆಯುತ್ತಾರೆ. ನನಗೆ ಆ ಪದ ಒಗ್ಗುವುದಿಲ್ಲ. ಕಳಂಕ ಚಂದ್ರನಲ್ಲಿರುವಂಥದ್ದು, ಹುಟ್ಟಿನಿಂದ ಬಂದದ್ದು, ಯಾರೂ ಹಾಕಿದ್ದಲ್ಲ. ಇದಕ್ಕೆ ನಮ್ಮಲ್ಲಿ ‘ಬರೆ’ ಎಂಬ ಸರಿಯಾದ ಪದ ಇದೆ. ಬರೆ ಇದ್ದರೆ ಬರೆ ಹಾಕಿದ ಕೈ ಒಂದು ಇರಲೇಬೇಕು. ಆ ಕೈ ಯಾರದು ಎಂದು ಹುಡುಕಹೊರಟರೆ ಕೆಟ್ಟವರು ಸಿಗುತ್ತಾರೆ ಎಂದುಕೊಂಡಿದ್ದೆ. ಸಿಕ್ಕಿದ್ದು ಹೆಚ್ಚಾಗಿ ಲೆಕ್ಕ ಬರೆಯುವವರು. ನನ್ನನ್ನೂ ಸೇರಿಸಿ.

ದೂರದ ಒಂದು ಉದಾಹರಣೆ ಕೊಡುತ್ತೇನೆ, ಹತ್ತಿರದವರಿಗೆ ನೋವಾಗದಿರಲಿ ಎಂದು. ಅಮೆರಿಕದಲ್ಲಿ ಬಡ ಕುಟುಂಬಗಳ ಮಕ್ಕಳ ಹೆಚ್ಚುವರಿ ಪಾಠಕ್ಕೆ ಕೇಂದ್ರ ಸರಕಾರ ಹಣ ಕೊಡುವ ಕಾನೂನು ಬಂದದ್ದು 1965ರಲ್ಲಿ. ಅದರ ಆ ಭಾಗಕ್ಕೆ ‘ಟೈಟಲ್ ಒನ್’ ಎಂದು ಹೆಸರು. ಸಹಿ ಹಾಕಿದ ಅಧ್ಯಕ್ಷ ಲಿಂಡನ್ ಜಾನ್ಸನ್ ಯೌವನದಲ್ಲಿ ಟೆಕ್ಸಸ್ ರಾಜ್ಯದ ಕೊಟುಲ್ಲಾ ಎಂಬ ಊರಿನಲ್ಲಿ ಮೆಕ್ಸಿಕನ್ ಮೂಲದ ಬಡ ಮಕ್ಕಳಿಗೆ ಮಾಸ್ತರರಾಗಿದ್ದವರು. ಮಕ್ಕಳ ಮನೆಯ ಮಾತು ಒಂದು, ಶಾಲೆಯ ಮಾತು ಇನ್ನೊಂದು. ಮನೆಯಲ್ಲಿ ತುಳು, ಪುಸ್ತಕದಲ್ಲಿ ಕನ್ನಡ, ಕಚೇರಿಯಲ್ಲಿ ಮಲಯಾಳ ಇರುವ ನಮಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅವರು ತಾನು ಅಕ್ಷರ ಕಲಿತ ಒಂದು ಕೋಣೆಯ ಶಾಲೆಗೆ ಹೋಗಿ, ತನ್ನ ಮೊದಲ ಟೀಚರ್ ಪಕ್ಕದಲ್ಲಿ ಕುಳಿತಿರುವಾಗ ಸಹಿ ಹಾಕಿದರು. ಉದ್ದೇಶದಲ್ಲಿ ಕುಂದು ಹುಡುಕುವಂತಿಲ್ಲ. ಆದರೆ ಹಣ ಬಂದ ಮೇಲೆ ಲೆಕ್ಕ ಪರಿಶೋಧನೆಯೂ ಬಂತು. ಈ ಹಣ ಬಡ ಮಕ್ಕಳಿಗೇ ಹೋಗಿದೆ, ಬೇರೆಯವರಿಗೆ ಸೋರಿಲ್ಲ ಎಂದು ಶಾಲೆ ತೋರಿಸಬೇಕು. ಅದಕ್ಕೆ ಎಲ್ಲಕ್ಕಿಂತ ಸುಲಭದ ದಾರಿ ಯಾವುದು? ಪಾಠದ ನಡುವೆ ಆ ಮಕ್ಕಳನ್ನು ಎಬ್ಬಿಸಿ ಬೇರೆ ಕೋಣೆಗೆ ಕರೆದುಕೊಂಡು ಹೋಗುವುದು. ಬೇರೆ ಕೋಣೆ, ಬೇರೆ ಟೀಚರ್, ಬೇರೆ ಸಾಮಗ್ರಿ. ಲೆಕ್ಕ ಅಚ್ಚುಕಟ್ಟು. ಬಾಗಿಲಿನಿಂದ ಹೊರಗೆ ಹೋಗುವ ಐದಾರು ಮಕ್ಕಳ ಬೆನ್ನನ್ನು ಉಳಿದವರು ದಿನವೂ ನೋಡುತ್ತಿದ್ದರು. ಅದು ಹೊರಗೆ ಹೋಗುವ ಮಕ್ಕಳಿಗೂ ಗೊತ್ತಿತ್ತು. 1978ರಲ್ಲಿ ಕಾನೂನು ಸ್ವಲ್ಪ ಸಡಿಲವಾಯಿತು: ನೂರರಲ್ಲಿ ಎಪ್ಪತ್ತೈದು ಬಡ ಮಕ್ಕಳಿರುವ ಶಾಲೆ ಆ ಹಣವನ್ನು ಇಡೀ ಶಾಲೆಗೆ ಬಳಸಬಹುದು ಎಂದರು. ಆಮೇಲೆ ಆ ಮಿತಿ ಇಳಿಯುತ್ತಾ ಈಗ ನೂರರಲ್ಲಿ ನಲುವತ್ತಕ್ಕೆ ಬಂದಿದೆ. ಯಾರನ್ನೂ ಎಬ್ಬಿಸಬೇಕಾಗಿಲ್ಲ ಎಂಬ ತಿಳಿವಳಿಕೆ ಕಾನೂನಿನ ಪುಸ್ತಕಕ್ಕೆ ಬರಲು ಅಷ್ಟು ವರ್ಷ ಬೇಕಾಯಿತು.

ಮೈಕು, ಫೋಟೋ, ಸಾಲು, ‘ಎದ್ದು ನಿಲ್ಲಿ’, ಇವೆಲ್ಲ ಕೊಡುವವರ ರಶೀದಿಗಳು. ಮಗುವಿಗೆ ಬೇಕಾದದ್ದು ಕೊಡೆ. ಫೋಟೋ ಬೇಕಾದದ್ದು ಸಂಘದ ವರದಿಗೆ. ನಾನು ಹೇಳಬೇಕೆಂದಿರುವುದು ಇಷ್ಟೇ. ರಶೀದಿಯನ್ನು ಮಗುವಿನ ಮುಖದ ಮೇಲೆ ಬರೆಯಬೇಡಿ, ಪುಸ್ತಕದಲ್ಲಿ ಬರೆಯಿರಿ.

‘ಅಷ್ಟು ಸೂಕ್ಷ್ಮವೆಲ್ಲ ಮಕ್ಕಳಿಗೆ ಎಲ್ಲಿ ತಿಳಿಯುತ್ತದೆ, ಸ್ವಲ್ಪ ನಾಚಿಕೆಯಾದರೆ ಏನು, ಓದಿಗೆ ಅದರಿಂದೇನು’ ಎಂದು ಕೇಳುವವರಿದ್ದಾರೆ. ಓದಿಗೇ ಆಗುತ್ತದೆ. ಕಾರ್ಲಾ ಹಾಫ್ ಮತ್ತು ಪ್ರಿಯಾಂಕಾ ಪಾಂಡೆ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು ಉತ್ತರ ಪ್ರದೇಶದ ಹಳ್ಳಿಗಳಲ್ಲಿ ಒಂದು ಪ್ರಯೋಗ ಮಾಡಿದರು, ಅದು ಮೊದಲು ಪ್ರಕಟವಾದದ್ದು 2004ರಲ್ಲಿ. ಆರು ಮತ್ತು ಏಳನೆಯ ತರಗತಿಯ ಹುಡುಗರು, ಮೇಲುಜಾತಿಯವರು 321, ಕೆಳಜಾತಿ ಎನಿಸಿಕೊಂಡವರು 321. ಕಾಗದದ ಮೇಲಿನ ಸುತ್ತುದಾರಿಯ ಒಗಟುಗಳನ್ನು ಬಿಡಿಸಬೇಕು, ಬಿಡಿಸಿದ್ದಕ್ಕೆ ಹಣ. ಯಾರ ಜಾತಿಯನ್ನೂ ಹೇಳದೆ ಆಡಿಸಿದಾಗ ಎರಡು ಗುಂಪುಗಳ ನಡುವೆ ವ್ಯತ್ಯಾಸ ಕಾಣಲಿಲ್ಲ. ಆಟಕ್ಕೆ ಮೊದಲು ಒಬ್ಬೊಬ್ಬರ ಹೆಸರು, ಊರು, ಜಾತಿಗಳನ್ನು ಎಲ್ಲರೆದುರು ಗಟ್ಟಿಯಾಗಿ ಓದಿದಾಗ ಕೆಳಜಾತಿಯ ಹುಡುಗರು ಬಿಡಿಸಿದ ಒಗಟುಗಳ ಸಂಖ್ಯೆ ಎದ್ದು ಕಾಣುವಷ್ಟು ಇಳಿಯಿತು. ಒಗಟು ಅದೇ, ಬುದ್ಧಿ ಅದೇ, ಸಿಗುವ ಹಣವೂ ಅದೇ. ನಡುವೆ ನಡೆದದ್ದು ಒಂದು ಪಟ್ಟಿಯ ಓದು. ಜಾತಿ ಮತ್ತು ಬಡತನ ಒಂದೇ ಅಲ್ಲ ಎಂದು ನನಗೂ ಗೊತ್ತು. ಆದರೆ ನಮ್ಮ ತರಗತಿಯಲ್ಲಿ ಗ್ರಾಂಟಿನ ಪಟ್ಟಿ ಓದುವಾಗ ಎರಡನ್ನೂ ಒಟ್ಟಿಗೇ ಓದುತ್ತೇವೆ, ಅಲ್ಲವೇ? ಇದನ್ನು ಓದಿದಾಗ ನನಗೆ ನೆನಪಾದದ್ದು ಜೂನ್ ತಿಂಗಳ ನನ್ನದೇ ದನಿ.

ಕೇರಳದಲ್ಲಿ ಕೆಲವು ವಿಷಯ ಸರಿಯಾಗಿಯೇ ನಡೆದಿದೆ, ಅದನ್ನು ಹೇಳದಿದ್ದರೆ ತಪ್ಪಾಗುತ್ತದೆ. ಮಧ್ಯಾಹ್ನದ ಊಟ ಇವತ್ತು ಎಂಟನೆಯ ತರಗತಿಯವರೆಗೆ ಎಲ್ಲರಿಗೂ ಇದೆ. ಯಾರ ಮನೆಯ ರೇಶನ್ ಕಾರ್ಡು ಹಳದಿ, ಯಾರದ್ದು ಗುಲಾಬಿ, ನೀಲಿ, ಬಿಳಿ ಎಂದು ಬಡಿಸುವವರು ಕೇಳುವುದಿಲ್ಲ. ವಾರಕ್ಕೊಂದು ಮೊಟ್ಟೆ, ಎರಡು ದಿನ ಹಾಲು. ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು. ಬೇಡವೆಂದವರು ಬುತ್ತಿ ತರಬಹುದು. ಈಗ ಬುತ್ತಿ ತಂದವನೇ ಒಂಟಿಯಾಗುತ್ತಾನೆ ಎಂದು ಒಬ್ಬರು ತಾಯಿ ನನ್ನಲ್ಲಿ ದೂರಿದ್ದುಂಟು, ಕೇಳಿ ಖುಷಿಪಟ್ಟೆ. 2017ರಿಂದ ಪ್ರಾಥಮಿಕ ತರಗತಿಗಳಿಗೆ ಸರಕಾರ ಕೊಡುತ್ತಿರುವ ಕೈಮಗ್ಗದ ಸಮವಸ್ತ್ರವೂ ಹಾಗೆಯೇ. ಎಲ್ಲರಿಗೂ ಒಂದೇ ಬಟ್ಟೆ ಬಂದಾಗ, ಯಾರ ಅಂಗಿಯನ್ನು ಯಾರು ಕೊಡಿಸಿದರು ಎಂದು ಯಾರಿಗೂ ಕಾಣುವುದಿಲ್ಲ.

ಆದರೆ ಎಲ್ಲವನ್ನೂ ಎಲ್ಲರಿಗೂ ಕೊಡಲು ಆಗುವುದಿಲ್ಲ. ಅಕ್ಷರ ಕೂಡಿಸಲು ಕಷ್ಟಪಡುವ ಮಗುವಿಗೆ ಬೇಕಾದ ಒಂದು ಗಂಟೆ ಸರಾಗವಾಗಿ ಓದುವ ಮಗುವಿಗೆ ಬೇಕಾಗಿಲ್ಲ. ಇಲ್ಲಿ ಆರಿಸಲೇಬೇಕು. ನಮ್ಮ ಹಿಂದಿನ ಶಾಲೆಯೊಂದರಲ್ಲಿ ನಾಲ್ಕು ಗಂಟೆಯ ನಂತರ ಒಂದು ವಿಶೇಷ ತರಗತಿ ಇತ್ತು. ಮನೆಯಲ್ಲಿ ಓದಿ ಹೇಳುವವರಿಲ್ಲದ ಮಕ್ಕಳಿಗಾಗಿ ನಾವೇ ಆರಂಭಿಸಿದ್ದು. ನಾವು ಅದಕ್ಕೆ ಚೆಂದದ ಸಂಸ್ಕೃತ ಹೆಸರಿಟ್ಟಿದ್ದೆವು. ಮಕ್ಕಳು ಇಟ್ಟ ಹೆಸರು ‘ಮಂಡೆ ಇಲ್ಲದವರ ಕ್ಲಾಸು’. ಹೆಸರು ಬದಲಿಸಿದೆವು. ಎರಡು ವಾರದಲ್ಲಿ ಹೊಸ ಹೆಸರೇ ಬೈಗುಳವಾಯಿತು. ‘ನೀನು ಜ್ಯೋತಿ’ ಎಂದರೆ ‘ನೀನು ದಡ್ಡ’ ಎಂದು ಅರ್ಥ. ಇಲಾಖೆಯಿಂದಲೂ ಮುಂದೆ ‘ಶ್ರದ್ಧಾ’, ‘ನವಪ್ರಭ’ ಎಂದೆಲ್ಲ ಒಳ್ಳೆಯ ಕಾರ್ಯಕ್ರಮಗಳು ಬಂದವು, ಹೆಸರುಗಳೂ ಸುಂದರ. ಆದರೆ ಯಾರು ಒಳಗೆ ಹೋಗುತ್ತಾರೆ ಎಂಬುದರಿಂದ ಬಾಗಿಲಿಗೆ ಹೆಸರು ಬರುತ್ತದೆ, ಬಾಗಿಲ ಮೇಲಿನ ಬೋರ್ಡಿನಿಂದ ಬರುವುದಿಲ್ಲ.

ಪರಿಹಾರ ಕಂಡುಕೊಂಡವರು ನಮ್ಮ ಗಣಿತದ ಮಾಸ್ತರರು. ಬಹಳ ಓದಿದವರೇನೂ ಅಲ್ಲ, ಕೇರಂ ಹುಚ್ಚಿನವರು. ಒಂದು ದಿನ ಆ ಕೋಣೆಯಲ್ಲಿ ಎರಡು ಕೇರಂ ಬೋರ್ಡು ತಂದಿಟ್ಟರು. ಯಾರು ಬೇಕಾದರೂ ಬರಬಹುದು, ಆದರೆ ಆಟಕ್ಕೆ ಮೊದಲು ಅರ್ಧ ಗಂಟೆ ಓದು, ಬರಹ. ತರಗತಿಗೆ ಮೊದಲನೆಯವರಾದ ಇಬ್ಬರು ಬಂದರು, ಕಾಂಟ್ರಾಕ್ಟರರ ಮಗ ಬಂದ. ಒಂದು ತಿಂಗಳಲ್ಲಿ ಅಡ್ಡಹೆಸರು ಸತ್ತುಹೋಯಿತು. ಆಮೇಲೆ ಬೇರೆ ತೊಂದರೆ. ಕೋಣೆ ತುಂಬಿತು, ಯಾರಿಗಾಗಿ ಆರಂಭಿಸಿದ್ದೋ ಅವರಿಗೆ ಸಿಗುವ ಸಮಯ ಅರ್ಧವಾಯಿತು. ಓದು ಬರುವವರನ್ನು ಓದು ಬಾರದವರ ಪಕ್ಕ ಕೂರಿಸಿ ನೋಡಿದೆವು, ಬೋರ್ಡುಗಳನ್ನು ಇನ್ನೊಂದು ಕೋಣೆಗೆ ಸಾಗಿಸಿ ನೋಡಿದೆವು. ಯಾವ ವರ್ಷವೂ ಪೂರ್ತಿ ಸರಿಹೋಯಿತು ಎಂದು ಹೇಳಲಾರೆ. ಆದರೂ ಬರುವುದಕ್ಕೇ ಹೆದರುವ ಮಕ್ಕಳ ಖಾಲಿ ಕೋಣೆಗಿಂತ ಗದ್ದಲದ ಕೋಣೆ ಮೇಲು.

ನಮ್ಮ ಮಾಸ್ತರರಿಗೆ ಗೊತ್ತಿಲ್ಲದೆ ಇಂಥದ್ದೇ ಹುಡುಕಾಟ ದೇಶದ ಬೇರೆ ಕಡೆ ದೊಡ್ಡದಾಗಿ ನಡೆದಿತ್ತು. ಮುಂಬಯಿ ಮತ್ತು ವಡೋದರಾಗಳಲ್ಲಿ 2001ರಿಂದ 2003ರವರೆಗೆ ಪ್ರಥಮ್ ಎಂಬ ಸ್ವಯಂಸೇವಾ ಸಂಸ್ಥೆಯ ‘ಬಾಲಸಖಿ’ ಯೋಜನೆಯನ್ನು ಅಧ್ಯಯನ ಮಾಡಿದರು. ಅದೇ ಊರಿನ ಯುವತಿಯರು, ಹಿಂದುಳಿದ ಇಪ್ಪತ್ತರಷ್ಟು ಮಕ್ಕಳನ್ನು ದಿನಕ್ಕೆ ಎರಡು ಗಂಟೆ ಪ್ರತ್ಯೇಕವಾಗಿ ಕೂರಿಸಿ ಓದು, ಲೆಕ್ಕ ಹೇಳಿಕೊಡುವುದು. ಕಲಿಕೆ ನಿಜವಾಗಿ ಏರಿತು, ಏರಿದ್ದೂ ಹೆಚ್ಚಾಗಿ ಹೊರಗೆ ಕರೆದೊಯ್ದ ಮಕ್ಕಳದೇ. ಇದನ್ನು ಯಾಕೆ ಹೇಳುತ್ತೇನೆಂದರೆ, ಬರೆಯ ಭಯದಿಂದ ಸಹಾಯವನ್ನೇ ಬಿಡಬೇಕು ಎಂದು ಯಾರಾದರೂ ನನ್ನ ಮಾತನ್ನು ಅರ್ಥ ಮಾಡಿಕೊಂಡಾರು ಎಂಬ ಹೆದರಿಕೆ ನನಗಿದೆ. ಪ್ರತ್ಯೇಕ ಪಾಠದಿಂದ ಲಾಭವಿದೆ. ಮುಂದೆ ಅದೇ ಪ್ರಥಮ್ ಸಂಸ್ಥೆಯವರು ಇನ್ನೊಂದು ಹೆಜ್ಜೆ ಇಟ್ಟರು. 2012–13ರಲ್ಲಿ ಹರಿಯಾಣದ ಸರಕಾರಿ ಶಾಲೆಗಳಲ್ಲಿ ದಿನಕ್ಕೆ ಒಂದು ಗಂಟೆ ಮೂರನೆಯ ತರಗತಿಯಿಂದ ಐದನೆಯ ತರಗತಿಯವರೆಗಿನ ಎಲ್ಲ ಮಕ್ಕಳೂ ತಮ್ಮ ತಮ್ಮ ತರಗತಿಯನ್ನು ಬಿಟ್ಟು, ಓದುವ ಮಟ್ಟಕ್ಕೆ ತಕ್ಕ ಗುಂಪಿಗೆ ಹೋಗುವ ವ್ಯವಸ್ಥೆ. ಐವರು ಏಳುವ ಬದಲು ಎಲ್ಲರೂ ಏಳುತ್ತಾರೆ. ಆಗ ಯಾರ ಬೆನ್ನನ್ನು ಯಾರು ನೋಡುವುದು?

ಇನ್ನು ನಮ್ಮ ಗಡಿನಾಡಿಗೇ ಸೇರಿದ ಒಂದು ವಿಷಯ. ಇದನ್ನು ಎಲ್ಲಿಯೂ ಬರೆದದ್ದನ್ನು ನಾನು ಕಂಡಿಲ್ಲ, ಆದ್ದರಿಂದ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ವರಮಾನ ಪ್ರಮಾಣಪತ್ರ, ಸ್ಕಾಲರ್‌ಶಿಪ್ ಅರ್ಜಿ, ಸುತ್ತೋಲೆ, ಇವೆಲ್ಲ ನಮ್ಮ ಕೈಗೆ ಹೆಚ್ಚಾಗಿ ಬರುವುದು ಮಲಯಾಳದಲ್ಲಿ, ಅದಿಲ್ಲದಿದ್ದರೆ ಇಂಗ್ಲಿಷಿನಲ್ಲಿ. ಕನ್ನಡ ಶಾಲೆಯಲ್ಲಿ ನಾಲ್ಕೋ ಐದೋ ಓದಿ ಬಿಟ್ಟ ತಂದೆತಾಯಿ ಆ ಅರ್ಜಿಯನ್ನು ಏನು ಮಾಡುತ್ತಾರೆ? ಮಲಯಾಳ ಬಲ್ಲ ಒಬ್ಬರ ಹತ್ತಿರ ಒಯ್ಯುತ್ತಾರೆ. ಅವರು ಅಂಗಡಿಯವರಿರಬಹುದು, ಕೆಲಸ ಕೊಡುವ ತೋಟದವರೇ ಇರಬಹುದು. ‘ತಿಂಗಳಿಗೆ ಎಷ್ಟು ಹುಟ್ಟುತ್ತದೆ? ಸಾಲ ಉಂಟಾ? ಗಂಡ ಜೊತೆಗೆ ಇದ್ದಾನಾ?’ ಒಂದೊಂದು ಕಾಲಮ್ಮಿಗೂ ಗಟ್ಟಿಯಾಗಿ ಉತ್ತರ ಹೇಳಬೇಕು, ಅಂಗಡಿಯ ಬೆಂಚಿನ ಮೇಲೆ ಮೂರು ಜನ ಚಹಾ ಕುಡಿಯುತ್ತಿರುವಾಗ. ಮಲಯಾಳ ಓದಲು ಬರುವ ಬಡವನ ಬಡತನ ಅವನ ಜೇಬಿನೊಳಗೆ ಇರುತ್ತದೆ. ಕನ್ನಡ ಮಾತ್ರ ಬರುವವನ ಬಡತನ ಪೇಟೆಯಲ್ಲಿ ಓದಿಸಿಕೊಂಡೇ ಕಚೇರಿಗೆ ಹೋಗಬೇಕು. ನನ್ನ ವಿದ್ಯಾರ್ಥಿಯೊಬ್ಬನ ತಂದೆ, ಕಲ್ಲಿನ ಕೋರೆಯಲ್ಲಿ ಕೆಲಸ, ಎರಡು ವರ್ಷ ಅರ್ಜಿಯನ್ನೇ ಹಾಕಲಿಲ್ಲ. ನಾನು ಆತನಿಗೆ ಮಕ್ಕಳ ಬಗ್ಗೆ ಕಾಳಜಿಯಿಲ್ಲ ಎಂದು ಸ್ಟಾಫ್ ರೂಮಿನಲ್ಲಿ ಹೇಳಿದ್ದೆ. ಕಾರಣ ಬೇರೆಯಿತ್ತು: ಅರ್ಜಿ ತುಂಬಿಸಲು ಊರಿನಲ್ಲಿದ್ದ ಒಬ್ಬರೇ ಒಬ್ಬರಿಗೆ ಆತ ಹಣ ಕೊಡಲು ಬಾಕಿಯಿತ್ತು.

ಕಾನೂನಿನಲ್ಲಿ ನಮಗೆ ದಾರಿ ಇಲ್ಲದಿಲ್ಲ. 1956ರ ನವೆಂಬರ್ 1ಕ್ಕೆ ನಾವು ಕೇರಳಕ್ಕೆ ಸೇರಿದೆವು. 1969ರ ಕೇರಳದ ಅಧಿಕೃತ ಭಾಷಾ ಕಾನೂನಿನಲ್ಲಿ ಇಲ್ಲಿಯ ಕನ್ನಡಿಗರು ಸರಕಾರದೊಂದಿಗೆ ಕನ್ನಡದಲ್ಲೇ ಪತ್ರ ವ್ಯವಹಾರ ಮಾಡಬಹುದು ಎಂದಿದೆ. ನಾವು ಅದನ್ನು ಬಸ್ಸಿನ ಬೋರ್ಡಿಗೆ, ನೇಮಕಾತಿಗೆ, ಪಠ್ಯಪುಸ್ತಕಕ್ಕೆ ನೆನಪಿಸುತ್ತೇವೆ, ನೆನಪಿಸಬೇಕಾದದ್ದೇ. ಸ್ಕಾಲರ್‌ಶಿಪ್ ಅರ್ಜಿಯ ಕನ್ನಡ ಪ್ರತಿಗಾಗಿ ಒಂದು ಧರಣಿ ನಡೆದದ್ದನ್ನು ನಾನಂತೂ ನೋಡಿಲ್ಲ. ಭಾಷೆಯ ಹೋರಾಟ ಮಾಡುವ ನಮ್ಮಂಥವರ ಮನೆಯಲ್ಲಿ ಆ ಅರ್ಜಿಯ ಅಗತ್ಯ ಬೀಳುವುದಿಲ್ಲ ಎಂಬುದೂ ಒಂದು ಕಾರಣವಿರಬಹುದು.

(ಇಲ್ಲಿ ಕೊರಗ ಸಮುದಾಯದ ಯುವಕರೊಬ್ಬರು ಎದ್ದು ನಿಂತರು. ಪರಿಶಿಷ್ಟ ವರ್ಗದ ಇಲಾಖೆಯಲ್ಲಿ ಸವಲತ್ತುಗಳನ್ನು ಜನರಿಗೆ ತಲುಪಿಸುವ ಪ್ರಮೋಟರ್ ಆಗಿ ಕೆಲಸ ಮಾಡುವವರು. ಅವರ ಮಾತಿನ ಸಾರ: ‘ಟೀಚರ್, ನೀವು ಎಲ್ಲವನ್ನೂ ಮುಚ್ಚಿಡಿ ಎನ್ನುತ್ತೀರಿ. ನಾವು ಮುಚ್ಚಿಟ್ಟುಕೊಂಡದ್ದು ಸಾಕು. ಗ್ರಾಂಟ್ ನಮಗೆ ಯಾರೂ ಕೊಡುವ ಭಿಕ್ಷೆ ಅಲ್ಲ, ಸಂವಿಧಾನದ ಹಕ್ಕು. ಹೆಸರು ಕೂಗಲಿ, ತಲೆ ಎತ್ತಿ ಹೋಗಿ ತೆಗೆದುಕೊಳ್ಳಲು ಮಕ್ಕಳಿಗೆ ಕಲಿಸಿ. ಮುಚ್ಚಿಡಬೇಕಾದರೆ ಅದು ನಾಚಿಕೆಯ ವಿಷಯ ಎಂದು ನೀವೇ ಒಪ್ಪಿದ ಹಾಗಾಯಿತು.’ ಸಭೆ ಚಪ್ಪಾಳೆ ತಟ್ಟಿತು.)

ಚಪ್ಪಾಳೆ ನ್ಯಾಯವಾದದ್ದು, ನಾನೂ ತಟ್ಟಿದೆ. ನೀವು ಹೇಳಿದ್ದರಲ್ಲಿ ಅರ್ಧಕ್ಕೆ ನನ್ನಲ್ಲಿ ಉತ್ತರವಿಲ್ಲ. ಎಂಡೋಸಲ್ಫಾನ್ ಕೀಟನಾಶಕದ ವಿಷಯವನ್ನೇ ನೋಡಿ. 1970ರ ದಶಕದ ಕೊನೆಯಿಂದ 2000ದವರೆಗೆ ನಮ್ಮ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ವಿಷ ಸುರಿದರು. ಸಂತ್ರಸ್ತರ ಪಟ್ಟಿಗೆ ಮಕ್ಕಳ ಹೆಸರು ಸೇರಿಸಲು ತಾಯಂದಿರು ತಿರುವನಂತಪುರದವರೆಗೆ ಹೋಗಿ ಬೀದಿಯಲ್ಲಿ ಕುಳಿತರು. 2017ರಲ್ಲಿ ಸುಪ್ರೀಂ ಕೋರ್ಟು ಐದು ಲಕ್ಷ ರೂಪಾಯಿ ಪರಿಹಾರ ಕೊಡಿ ಎಂದದ್ದು ಆ ಪಟ್ಟಿಯ ಆಧಾರದಲ್ಲಿ. ಆ ತಾಯಂದಿರು ಹೆಸರನ್ನು ಮುಚ್ಚಿಟ್ಟಿದ್ದರೆ ಏನೂ ಸಿಗುತ್ತಿರಲಿಲ್ಲ. ಅದೇ ಊರುಗಳಲ್ಲಿ, ಪಟ್ಟಿಯಲ್ಲಿ ಹೆಸರು ಬಂದರೆ ಮನೆಯ ಹೆಣ್ಣುಮಕ್ಕಳಿಗೆ ಸಂಬಂಧ ಕೂಡಿಬಾರದು ಎಂದು ಹೆದರಿದವರನ್ನೂ ಕಂಡಿದ್ದೇನೆ. ಒಂದೇ ಪಟ್ಟಿ.

ನನ್ನ ಉಳಿದರ್ಧ ಉತ್ತರ ಇಷ್ಟು. ನೀವು ಇಲ್ಲಿ ಎದ್ದು ನಿಂತು, ನಾನು ಇಂಥವನು, ಇದು ನನ್ನ ಹಕ್ಕು ಎಂದಿರಿ. ನಿಮ್ಮನ್ನು ಯಾರೂ ಎಬ್ಬಿಸಿ ನಿಲ್ಲಿಸಲಿಲ್ಲ. ಐದನೆಯ ತರಗತಿಯ ಆ ಹುಡುಗಿಯನ್ನು ನಾನು ಎಬ್ಬಿಸುತ್ತಿದ್ದೆ. ದೊಡ್ಡವಳಾಗಿ ಅವಳು ಮೈಕು ಹಿಡಿದು ತನ್ನ ಕತೆ ಹೇಳಿದರೆ ನಾನು ಮೊದಲ ಸಾಲಿನಲ್ಲಿ ಕುಳಿತು ಕೇಳುತ್ತೇನೆ. ಹೇಳುವ ದಿನವನ್ನು ಅವಳು ಆರಿಸಲಿ. 2009ರ ಶಿಕ್ಷಣ ಹಕ್ಕು ಕಾನೂನು ದುರ್ಬಲ ವರ್ಗದ ಮಗುವಿಗೆ ಶಾಲೆಯಲ್ಲಿ ತಾರತಮ್ಯ ಆಗಕೂಡದು ಎನ್ನುತ್ತದೆ, ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಹಕ್ಕು ಎಂದರೆ ಗ್ರಾಂಟೂ ಹೌದು, ಇದೂ ಹೌದು. (ಯುವಕರು, ‘ಹಾಗಾದರೆ ಟೀಚರರಿಗೆ ಮೊದಲು ಪಾಠ ಮಾಡಿ’ ಎಂದರು. ಅದಕ್ಕೂ ಚಪ್ಪಾಳೆ ಬಿತ್ತು.)

ಟೀಚರರ ಮಾತೇ ಬಂತು. ಈಗ ಬರೆ ಹಾಕುವುದಕ್ಕೆ ಮೈಕು ಬೇಕಾಗಿಲ್ಲ, ವಾಟ್ಸ್‌ಆ್ಯಪ್ ಇದೆ. 2024–25ನೇ ಸಾಲಿನಿಂದ ಎಂಟನೆಯ ತರಗತಿಯಲ್ಲಿ ಪ್ರತಿ ವಿಷಯದ ಲಿಖಿತ ಪರೀಕ್ಷೆಗೆ ಕನಿಷ್ಠ ಶೇಕಡಾ 30 ಅಂಕ ಬೇಕೆಂದಾಗಿದೆ, ಸಿಗದವರಿಗೆ ರಜೆಯಲ್ಲಿ ಹೆಚ್ಚುವರಿ ಬೆಂಬಲದ ತರಗತಿ. ಎಲ್ಲರನ್ನೂ ಸುಮ್ಮನೆ ಮೇಲಿನ ತರಗತಿಗೆ ತಳ್ಳುವುದಕ್ಕಿಂತ ಇದು ಒಳ್ಳೆಯದು ಎಂದೇ ನನ್ನ ಅಭಿಪ್ರಾಯ. ಆದರೆ ಆ ಮಕ್ಕಳ ಪಟ್ಟಿಯ ಫೋಟೋವನ್ನು ತರಗತಿಯ ಗುಂಪಿಗೆ ಹಾಕುವುದು ಯಾಕೆ? ಗುಂಪಿನಲ್ಲಿ ನಲುವತ್ತು ಮನೆಗಳಿವೆ, ಪಟ್ಟಿಯಲ್ಲಿ ಏಳು ಹೆಸರು. ನಮ್ಮ ಪಕ್ಕದ ಮನೆಯ ಹುಡುಗನ ಹೆಸರು ಆ ಪಟ್ಟಿಯಲ್ಲಿದ್ದುದನ್ನು ಅವನ ಅಮ್ಮ ನೋಡುವ ಮೊದಲು ಅವನ ಚಿಕ್ಕಮ್ಮ ಮಂಗಳೂರಿನಿಂದ ಫೋನ್ ಮಾಡಿ ಹೇಳಿದರು. ಏಳು ಮನೆಗೆ ಏಳು ಫೋನ್ ಮಾಡಲು ಅರ್ಧ ಗಂಟೆ ಸಾಕು. ಅಧ್ಯಾಪಕರ ಕೆಲಸದ ಹೊರೆ ನನಗೆ ಗೊತ್ತಿದೆ, ದಿನಕ್ಕೆ ನಾಲ್ಕು ಆ್ಯಪ್‌ಗಳಲ್ಲಿ ಮಾಹಿತಿ ತುಂಬುವವರಿಗೆ ಅರ್ಧ ಗಂಟೆ ದೊಡ್ಡದೇ. ಆದರೂ ಮಾಡಿ.

ನಾನು ಮಾಡಿದ್ದರಲ್ಲಿ ಸ್ವಲ್ಪ ಫಲ ಕಂಡದ್ದು ಲಕೋಟೆಯ ಉಪಾಯ. ಪ್ರವಾಸದ ಸಮಯದಲ್ಲಿ ಹಣ ಕೊಡಲಾಗದ ಮಕ್ಕಳು ಆ ದಿನ ಜ್ವರ ಬಂತೆನ್ನುತ್ತಾರೆ. ಪ್ರವಾಸದ ದಿನ ನಮ್ಮ ಶಾಲೆಯಲ್ಲಿ ಜ್ವರ ಹೆಚ್ಚು. ಒಂದು ವರ್ಷ ತರಗತಿಯ ಎಲ್ಲರಿಗೂ ಒಂದೊಂದು ಲಕೋಟೆ ಕೊಟ್ಟೆ. ಹಣ ಹಾಕಿಯೋ, ಅರ್ಧ ಹಾಕಿಯೋ, ಏನೂ ಹಾಕದೆಯೋ ಅಂಟಿಸಿ ತನ್ನಿ, ಹೆಸರು ಬರೆಯಬೇಡಿ, ಲಕೋಟೆ ಮಾತ್ರ ತರಲೇಬೇಕು ಎಂದೆ. ಮನೆಗೆ ಒಯ್ದು ಬಾಗಿಲು ಹಾಕಿ ಒಡೆದೆ. ಮೂರು ಖಾಲಿ, ಆರರಲ್ಲಿ ಅರ್ಧ, ಒಂದರಲ್ಲಿ ಕೇಳಿದ್ದರ ಎರಡು ಪಟ್ಟು. ಅದು ಯಾರದೆಂದು ಇಂದಿಗೂ ಗೊತ್ತಿಲ್ಲ. ಖಾಲಿಯವುಗಳಲ್ಲಿ ಒಂದು ಯಾರದೆಂದು ಮಾತ್ರ ಊಹಿಸಬಲ್ಲೆ, ಏಕೆಂದರೆ ಆ ವಾರವಿಡೀ ಒಬ್ಬ ಅಂಗಡಿಯವರ ಮಗ ಇಡೀ ಗೆಳೆಯರ ಬಳಗಕ್ಕೆ ಐಸ್ ಕ್ಯಾಂಡಿ ಕೊಡಿಸುತ್ತಿದ್ದ. ಮೋಸ ನಡೆಯುತ್ತದೆ, ಹೌದು. ಒಂದು ಐಸ್ ಕ್ಯಾಂಡಿಯ ಮೋಸಕ್ಕೆ ಹೆದರಿ ಉಳಿದವರ ಲಕೋಟೆ ಬಿಚ್ಚಿ ನೋಡಬೇಕೇ? ಕಡಿಮೆ ಬಿದ್ದದ್ದನ್ನು ನಾನು ಮತ್ತು ಹೆಡ್‌ಮಾಸ್ತರರು ತುಂಬಿದೆವು. ಆ ವರ್ಷ ಬೇಕಲ ಕೋಟೆಗೆ ಹೋದ ಬಸ್ಸಿನಲ್ಲಿ ಜ್ವರದವರು ಯಾರೂ ಇರಲಿಲ್ಲ, ಬಂದವರಲ್ಲಿ ನಾಲ್ವರು ವಾಂತಿ ಮಾಡಿದರು.

ಸಂಘದವರಿಗೆ ನನ್ನ ಸಣ್ಣ ಕೋರಿಕೆ ಇದೆ. ಮುಂದಿನ ವರ್ಷ ಕೊಡೆಗಳನ್ನು ಶಾಲೆಯ ಕಚೇರಿಗೆ ಮುಟ್ಟಿಸಿ. ಪಟ್ಟಿ ಕಚೇರಿಯ ಕಪಾಟಿನಲ್ಲಿರಲಿ. ನಿಮಗೆ ಫೋಟೋ ಬೇಕಾದರೆ ಕೊಡೆಗಳ ರಾಶಿಯ ಫೋಟೋ ತೆಗೆಯಿರಿ, ಚೆನ್ನಾಗಿಯೇ ಬರುತ್ತದೆ. ಮತ್ತೆ ಎಲ್ಲವೂ ಒಂದೇ ಬಣ್ಣದ್ದು ತರಬೇಡಿ. ಹದಿನಾಲ್ಕು ಮಕ್ಕಳು ಒಂದೇ ನೀಲಿ ಕೊಡೆ ಹಿಡಿದು ದಾರಿಯಲ್ಲಿ ಹೋದರೆ ಅದು ಉಪ್ಪಳಿಗೆ ಎಲೆಯೇ.

(ಕೊನೆಯಲ್ಲಿ ಹಿಂದಿನ ಸಾಲಿನಿಂದ ಒಬ್ಬರು ತಾಯಿ ತುಳುವಿನಲ್ಲಿ, ಮಗಳ ಸ್ಕಾಲರ್‌ಶಿಪ್ ಅರ್ಜಿ ಮನೆಯಲ್ಲಿದೆ, ಯಾರಿಗೂ ತೋರಿಸಿಲ್ಲ, ತುಂಬಿಸಿಕೊಡುತ್ತೀರಾ ಟೀಚರೇ ಎಂದು ಕೇಳಿದರು. ಕೇಳಿದ ಮೇಲೆ, ಇಷ್ಟು ಜನರ ಮುಂದೆ ಕೇಳಿದೆನಲ್ಲ ಎಂದು ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕರು.)

ತುಂಬಿಸಿಕೊಡುತ್ತೇನೆ. ಗ್ರಂಥಾಲಯದ ಕಾರ್ಯದರ್ಶಿಗಳು ಇಲ್ಲೇ ಇದ್ದಾರೆ, ಶನಿವಾರಗಳಂದು ಒಳಗಿನ ಸಣ್ಣ ಕೋಣೆಯ ಬೀಗದ ಕೈ ನನಗೆ ಕೊಡಲು ಒಪ್ಪಿದ್ದಾರೆ. ಬೆಳಗ್ಗೆ ಹತ್ತರಿಂದ ಒಂದರವರೆಗೆ ಇರುತ್ತೇನೆ. ಒಬ್ಬರು ಒಳಗಿರುವಾಗ ಇನ್ನೊಬ್ಬರು ಹೊರಗೆ ಪತ್ರಿಕೆ ಓದುತ್ತಿರಿ. ಗ್ರಂಥಾಲಯಕ್ಕೆ ಬಂದವರು ಯಾಕೆ ಬಂದರೆಂದು ಯಾರೂ ಕೇಳುವುದಿಲ್ಲ. ರೇಶನ್ ಕಾರ್ಡು, ಆಧಾರ್, ಮಗುವಿನ ಬ್ಯಾಂಕ್ ಪುಸ್ತಕದ ಮೊದಲ ಪುಟದ ಪ್ರತಿ ತನ್ನಿ. ವರಮಾನದ ಪ್ರಮಾಣಪತ್ರ ಇಲ್ಲದಿದ್ದರೆ ಅದರ ಅರ್ಜಿಯನ್ನೂ ಅಲ್ಲೇ ಬರೆಯೋಣ. ಕನ್ನಡಕ ಮರೆಯದೆ ತರಬೇಕಾದವಳು ನಾನು.